ರಕ್ತದಲ್ಲಿನ ಅಂಕೆಯೊಂದೇ ರೋಗನಿರ್ಣಯವಲ್ಲ

ವೈದ್ಯರನ್ನು ಕಾಣುವ ಮುನ್ನವೇ ರಕ್ತಪರೀಕ್ಷೆ ಮಾಡಿಸಿ, ವರದಿಯ ಅಂಕೆ ಕಂಡು ಕಂಗೆಡುವ ರೂಢಿ ಬೆಳೆಯುತ್ತಿದೆ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿಗೆ ಸಂಬಂಧಿಸಿದ ಸಿ.ಎ. 19-9 ಎಂಬ ಪರೀಕ್ಷೆ ಅಂಥದ್ದು. ರೋಗಲಕ್ಷಣವಿಲ್ಲದವರು ಇದನ್ನು ತಾವಾಗಿ ಮಾಡಿಸಬಾರದೆಂಬುದು ನಮ್ಮ ಅಭಿಪ್ರಾಯ.

ಸಿ.ಎ. 19-9 ಜೀವಕೋಶಗಳ ಮೇಲಿರುವ ಒಂದು ಬಗೆಯ ಸಕ್ಕರೆಯ ಅಂಶ. ರಕ್ತದಲ್ಲಿ ಇದರ ಸಾಮಾನ್ಯ ಮಿತಿ ಮಿಲಿಲೀಟರಿಗೆ 37 ಯೂನಿಟ್. ಕ್ಯಾನ್ಸರಿನಲ್ಲಿ ಇದು ಏರುವುದು ನಿಜ. ಆದರೆ ಕಲ್ಲು ಸಿಲುಕಿ ಪಿತ್ತನಾಳ ಕಟ್ಟಿದಾಗಲೂ, ಗ್ರಂಥಿಗೆ ಉರಿಯೂತವಾದಾಗಲೂ ಏರುತ್ತದೆ. ಅಡ್ಡಿ ನಿವಾರಣೆಯಾದ ಬಳಿಕ ಇಳಿಯುತ್ತದೆ. ಹೀಗಾಗಿ ಕಾಮಾಲೆ ಇಳಿದ ಮೇಲೆ ಮರುಪರೀಕ್ಷೆ ಅವಶ್ಯ. ಇನ್ನು ನೂರರಲ್ಲಿ ಸುಮಾರು 5ರಿಂದ 10 ಜನರ ದೇಹ ಹುಟ್ಟಿನಿಂದಲೇ ಈ ಅಂಶವನ್ನು ತಯಾರಿಸದು. ಅಂಥವರಿಗೆ ಕ್ಯಾನ್ಸರ್ ಇದ್ದರೂ ವರದಿ ಸರಿಯಾಗಿಯೇ ಬರಬಹುದು. ಹುಸಿ ಭಯಕ್ಕಿಂತ ಈ ಹುಸಿ ಸಮಾಧಾನ ಹೆಚ್ಚು ಅಪಾಯಕಾರಿ.

ಹಾಗೆಂದು ಪರೀಕ್ಷೆ ನಿಷ್ಪ್ರಯೋಜಕವಲ್ಲ. ರೋಗ ಖಚಿತವಾದವರಲ್ಲಿ ಚಿಕಿತ್ಸೆ ಫಲಿಸುತ್ತಿದೆಯೇ, ಶಸ್ತ್ರಚಿಕಿತ್ಸೆಯ ನಂತರ ರೋಗ ಮರಳಿದೆಯೇ ಎಂಬುದನ್ನು ಅರಿಯಲು ಅದು ನೆರವಾಗುತ್ತದೆ. ಗ್ರಂಥಿಯಲ್ಲಿ ನೀರುಗುಳ್ಳೆ ಕಂಡರೆ ತಜ್ಞರು ಎಂಡೋಸ್ಕೋಪಿಯ ಮೂಲಕ ಸೂಜಿಯಿಂದ ಅದರ ದ್ರವವನ್ನು ತೆಗೆದು ಪರೀಕ್ಷಿಸುತ್ತಾರೆ. ಆ ದ್ರವದಲ್ಲಿ ಸಿ.ಇ.ಎ. ಎಂಬ ಸೂಚಕವು ಮಿಲಿಲೀಟರಿಗೆ 192 ನ್ಯಾನೋಗ್ರಾಂ ಮೀರಿದ್ದರೆ, ಅದು ಮುಂದೆ ಕ್ಯಾನ್ಸರಾಗಬಲ್ಲ ಲೋಳೆಗುಳ್ಳೆ ಎಂಬ ಅನುಮಾನ ಬಲವಾಗುತ್ತದೆ. ಆದರೆ ಈಗಾಗಲೇ ಕ್ಯಾನ್ಸರ್ ಆಗಿದೆಯೇ ಎಂಬುದನ್ನು ಆ ಅಂಕೆ ಹೇಳದು. ಅದನ್ನು ಸ್ಕ್ಯಾನ್ ಹಾಗೂ ಜೀವಕೋಶ ಪರೀಕ್ಷೆಗಳೊಂದಿಗೆ ಕೂಡಿಸಿಯೇ ಓದಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸದ್ಭಕ್ತರು ಅಂಕೆಗಿಂತ ಮೊದಲು ಲಕ್ಷಣಗಳತ್ತ ಗಮನ ಕೊಡಬೇಕು. ಕಣ್ಣು ಹಳದಿಯಾಗಿ ಮೂತ್ರ ಕಪ್ಪಾಗುವುದು, ಮಲ ಬಿಳಿಚುವುದು, ಹೊಟ್ಟೆನೋವು ಬೆನ್ನಿಗೆ ಹಾಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದವರಲ್ಲಿ ತೂಕ ಇಳಿಯುತ್ತಲೇ ಹೊಸದಾಗಿ ಸಕ್ಕರೆ ಕಾಯಿಲೆ ತೋರುವುದು: ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಅವರು ಸೂಚಿಸಿದರೆ ಸಿ.ಟಿ. ಸ್ಕ್ಯಾನಿಗಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಕಾಮಾಲೆಗೆ ನಾಟಿ ಔಷಧಿ ಕುಡಿಯುತ್ತ ವಾರಗಟ್ಟಲೆ ಕಾಯುವುದು ಸಲ್ಲದು. ಈ ಕ್ಯಾನ್ಸರಿನಲ್ಲಿ ಗುಣಪಡಿಸಬಲ್ಲ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದು ಬೇಗ ಪತ್ತೆಯಾದವರಿಗೆ ಮಾತ್ರ.

ಊರುಗಳಲ್ಲಿ ಆರೋಗ್ಯ ಶಿಬಿರ ನಡೆಸುವವರಲ್ಲಿಯೂ ಒಂದು ವಿನಂತಿ. ಎಲ್ಲರಿಗೂ ಈ ಸೂಚಕ ಪರೀಕ್ಷೆ ಮಾಡಿಸುವುದರ ಬದಲು, ಮೇಲಿನ ಲಕ್ಷಣಗಳುಳ್ಳವರನ್ನು ಗುರುತಿಸಿ, ಆಸ್ಪತ್ರೆಗೆ ತಲುಪಿಸುವ ಹೊಣೆ ಹೊತ್ತರೆ ಹೆಚ್ಚಿನ ಉಪಕಾರವಾದೀತು.