ಅಮ್ಮನನ್ನು ಕೇಳದೇ ಉಳಿದ ಪ್ರಶ್ನೆ

ಪುಣೆಯ ಡಿಸೆಂಬರ್ ಚಳಿಯಲ್ಲೂ ಮೀಟಿಂಗ್ ನಡುವೆ ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. 48ಕ್ಕೆ ಮುಟ್ಟು ನಿಂತಾಗಿನಿಂದ ಇದೇ ಪಾಡು. ವೈದ್ಯೆ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದಾಗ ಮೊದಲು ನೆನಪಾದದ್ದು ‘ಕ್ಯಾನ್ಸರ್ ಬರುತ್ತಂತೆ’ ಎಂಬ ಭಯ.

ಈ ಭಯ ಹಬ್ಬಿದ್ದು 2002ರಲ್ಲಿ ಅಮೆರಿಕದಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದ ಅಧ್ಯಯನದಿಂದ. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಮುಟ್ಟು ನಿಂತು 10 ವರ್ಷ ದಾಟದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಹೆಚ್ಚು ಎನ್ನುವುದು ಈಗಿನ ವೈದ್ಯಕೀಯ ನಿಲುವು. ಹಾಗೆಂದು ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದವರು ವಿಶೇಷ ಎಚ್ಚರ ವಹಿಸಬೇಕು.

“ಮನೆಯಲ್ಲಿ ಯಾರಿಗಾದರೂ ಇತ್ತೇ?” ಎಂದು ವೈದ್ಯೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ದಿನವೂ ಊರಿಗೆ ಫೋನ್ ಮಾಡುತ್ತೇನೆ. ಮಳೆ, ಮದುವೆ, ಅಡಿಕೆ ರೇಟು ಎಲ್ಲ ಬರುತ್ತದೆ, ಇದೊಂದು ಬಿಟ್ಟು. ಅಂದು ಕೇಳಿದೆ.

“ಕ್ಯಾನ್ಸರ್ ಯಾರಿಗೂ ಇಲ್ಲ ಕಣೇ. ಆದ್ರೆ ನಂಗೂ ಹಿಂಗೇ ಆಗ್ತಿತ್ತು. ಜಗಲಿ ಮೇಲೆ ಕೂತು ಬೆಳಗು ಮಾಡ್ತಿದ್ದೆ. ಯಾರಿಗೆ ಹೇಳೋದು?” ಎಂದಳು ಅಮ್ಮ.

ತಪಾಸಣೆಗಳ ನಂತರ ನಾನು ಚಿಕಿತ್ಸೆ ಆರಿಸಿಕೊಂಡೆ. ನೀವು ಬೇಡವೆನ್ನಬಹುದು, ಅದೂ ಸರಿಯೇ. ಆದರೆ ಹೆದರಿ ಅಲ್ಲ, ತಿಳಿದು ಹೇಳಿ. ವೈದ್ಯರ ಬಳಿ ಹೋಗುವ ಮೊದಲು ಊರಿಗೊಂದು ಫೋನ್ ಮಾಡಿ.