ಮಗು ಎಷ್ಟು ಸಲ ಹೇಳಬೇಕು?

ದೌರ್ಜನ್ಯಕ್ಕೆ ಈಡಾದ ಮಗು ಬಾಯಿ ಬಿಡುವುದೇ ಕಷ್ಟ. ಬಿಟ್ಟ ಮೇಲೂ ಕಷ್ಟ ಮುಗಿಯುವುದಿಲ್ಲ. ಪೊಲೀಸರಿಗೊಮ್ಮೆ, ವೈದ್ಯರಿಗೊಮ್ಮೆ, ವಕೀಲರಿಗೊಮ್ಮೆ ಅದನ್ನೇ ಹೇಳಬೇಕು. ಹೇಳಿದಷ್ಟು ಸಲವೂ ಗಾಯ ಕೆದಕಿದಂತೆ.

ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಸರ್ಕಾರಿ ವಕೀಲರಾಗಿದ್ದ ಬಡ್ ಕ್ರೇಮರ್ ಇದಕ್ಕೊಂದು ಪರಿಹಾರ ಹುಡುಕಿದರು. 1985ರಲ್ಲಿ ಅಲ್ಲಿ ಮಕ್ಕಳ ನೆರವಿನ ಕೇಂದ್ರವೊಂದು ಹುಟ್ಟಿಕೊಂಡಿತು. ಇಂಥ ಕೇಂದ್ರದಲ್ಲಿ ತರಬೇತಿ ಪಡೆದ ಒಬ್ಬರು ಮಾತ್ರ ಮಗುವಿನೊಡನೆ ನಿಧಾನವಾಗಿ ಮಾತನಾಡುತ್ತಾರೆ. ಪೊಲೀಸರು, ವಕೀಲರು, ಸಮಾಜ ಕಾರ್ಯಕರ್ತರು ಬೇರೆ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾರೆ. ವೈದ್ಯಕೀಯ ತಪಾಸಣೆಗೆ, ಮಾನಸಿಕ ಚಿಕಿತ್ಸೆಗೆ ಕೇಂದ್ರವೇ ಏರ್ಪಾಡು ಮಾಡುತ್ತದೆ. ಕಂಗಾಲಾದ ತಂದೆ-ತಾಯಿಗೂ ಆಸರೆ ನೀಡುತ್ತದೆ; ಏಕೆಂದರೆ ಮಗು ಚೇತರಿಸಿಕೊಳ್ಳಬೇಕಾದುದು ಅವರ ಮಡಿಲಲ್ಲೇ. ಇಂದು ಅಮೆರಿಕದಲ್ಲಿ ಇಂಥ 900ಕ್ಕೂ ಹೆಚ್ಚು ಕೇಂದ್ರಗಳಿವೆ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012ರಲ್ಲಿ ಬಂದ ನಮ್ಮ ಪೋಕ್ಸೊ ಕಾಯ್ದೆಯ ಆಶಯವೂ ಇದೇ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಇಲ್ಲವೇ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಸಾಕ್ಷಿ ನುಡಿಯಲು ಮಗುವನ್ನು ನ್ಯಾಯಾಲಯಕ್ಕೆ ಮತ್ತೆ ಮತ್ತೆ ಕರೆಸಬಾರದು.

ಕಾನೂನು, ಕೇಂದ್ರಗಳೆಲ್ಲ ಆಮೇಲಿನ ಮಾತು. ಮಗು ಮೊದಲು ಹೇಳುವುದು ಮನೆಯವರಿಗೆ ಅಥವಾ ಶಾಲೆಯಲ್ಲಿ. ಪಾಲಕರೇ, ಆಗ ಗದರಿಸಬೇಡಿ, ಕೆದಕಿ ಕೆದಕಿ ಕೇಳಬೇಡಿ, 'ಮರ್ಯಾದೆ ಹೋಗುತ್ತದೆ' ಎಂದು ಮುಚ್ಚಿಡಬೇಡಿ. ಮಗುವನ್ನು ನಂಬಿ, 'ನಿನ್ನ ತಪ್ಪೇನೂ ಇಲ್ಲ' ಎನ್ನಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಮಕ್ಕಳೇ, ನೀವೂ ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಒಬ್ಬ ಹಿರಿಯರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ, ಸುಮ್ಮನಾಗಬೇಡಿ.