ಕಾಗುಣಿತ ಹೊರೆಯಲ್ಲ

‘ಇಂಗ್ಲಿಷಿಗೆ 26 ಅಕ್ಷರ, ಕನ್ನಡಕ್ಕೆ 49, ಸಾಲದ್ದಕ್ಕೆ ಕಾಗುಣಿತ, ಒತ್ತಕ್ಷರ. ಮಲಯಾಳವನ್ನೂ ಕಲಿಯಬೇಕಾದ ಮಕ್ಕಳಿಗೆ ಈ ಹೊರೆ ಏಕೆ?’ ಎಂಬ ಮಾತು ಕಾಸರಗೋಡಿನ ಕನ್ನಡ ಮನೆಗಳಲ್ಲೇ ಕೇಳಿಬರುತ್ತಿದೆ. ಇದು ಲಿಪಿಗಳ ಸ್ವರೂಪವನ್ನು ಅರಿಯದವರ ವಾದವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಲೋಕದ ಲಿಪಿಗಳೆಲ್ಲ ಧ್ವನಿಯನ್ನು ಒಂದೇ ಬಗೆಯಲ್ಲಿ ಹಿಡಿಯುವುದಿಲ್ಲ. ಚೀನೀ ಲಿಪಿಯ ಚಿಹ್ನೆಯೊಂದು ಸಾಮಾನ್ಯವಾಗಿ ಅರ್ಥವುಳ್ಳ ಒಂದು ಘಟಕವನ್ನು ಸೂಚಿಸುತ್ತದೆ. ಜಪಾನಿನ ಕಾನಾ ಲಿಪಿಯಲ್ಲಿ ಕ, ಕಿ, ಕುಗಳಿಗೆ ಪರಸ್ಪರ ಹೋಲಿಕೆಯಿಲ್ಲದ ಚಿಹ್ನೆಗಳಿವೆ. ಅರಬ್ಬಿ, ಹೀಬ್ರೂ ಲಿಪಿಗಳು ಮುಖ್ಯವಾಗಿ ವ್ಯಂಜನಗಳನ್ನು ಬರೆದು, ಹ್ರಸ್ವ ಸ್ವರಗಳನ್ನು ಬಹುಮಟ್ಟಿಗೆ ಓದುಗನ ತಿಳಿವಿಗೆ ಬಿಡುತ್ತವೆ. ಗ್ರೀಕ್, ರೋಮನ್ ಲಿಪಿಗಳು ಸ್ವರವ್ಯಂಜನಗಳೆರಡನ್ನೂ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲಿಸುತ್ತವೆ. ಬ್ರಾಹ್ಮಿಯ ಸಂತತಿಯದು ಐದನೆಯ ದಾರಿ: ವ್ಯಂಜನಾಕ್ಷರದಲ್ಲಿ ಅಕಾರ ನೆಲೆಸಿರುತ್ತದೆ, ಬೇರೆ ಸ್ವರ ಬಂದಾಗ ಅದೇ ಒಡಲಿಗೆ ಗುಡಿಸು, ಕೊಂಬು, ಏತ್ವಗಳು ಸೇರುತ್ತವೆ. 1990ರಲ್ಲಿ ಪೀಟರ್ ಡೇನಿಯಲ್ಸ್ ಎಂಬ ಅಮೆರಿಕದ ವಿದ್ವಾಂಸರು ಈ ವರ್ಗವನ್ನು ಇಥಿಯೋಪಿಯಾದ ಅಕ್ಷರಗಳ ಹೆಸರಿನಿಂದ ‘ಅಬುಗಿಡ’ ಎಂದು ಕರೆದರು. ನಮ್ಮ ಹಿರಿಯರು ಇದರ ಮರ್ಮವನ್ನೇ ಕಾಗುಣಿತವೆಂದು ಮಕ್ಕಳ ಬಾಯಲ್ಲಿ ಆಡಿಸುತ್ತಿದ್ದರು.

ಹೀಗಿರಲು ನೂರಾರು ರೂಪಗಳನ್ನು ಉರುಹೊಡೆಯಬೇಕೆಂಬುದು ಹುಸಿ ಭಯ. ಮೂಲಾಕ್ಷರಗಳನ್ನೂ ಸ್ವರಚಿಹ್ನೆಗಳನ್ನೂ ಅರಿತ ಮಗು ಉಳಿದುದನ್ನು ತಾನೇ ಕೂಡಿಸಿಕೊಳ್ಳುತ್ತದೆ. ಮ, ಯಗಳಂತೆ ಕೊಂಚ ಬೇರೆಯಾಗಿ ನಡೆಯುವವು ಕೆಲವೇ. ಮಲಯಾಳ ಲಿಪಿಯೂ ಇದೇ ವಂಶದ್ದು. ಅಲ್ಲಿ ಎಕಾರದ ಚಿಹ್ನೆ ವ್ಯಂಜನದ ಎಡಕ್ಕೆ ನಿಲ್ಲುತ್ತದೆ, ಇಲ್ಲಿ ತಲೆಯ ಮೇಲೆ ಏರುತ್ತದೆ, ತತ್ತ್ವ ಒಂದೇ. ಒಂದನ್ನು ಕಲಿತ ಮಗುವಿಗೆ ಇನ್ನೊಂದರ ಅರ್ಧ ದಾರಿ ಆಗಲೇ ಸವೆದಿರುತ್ತದೆ. ನಿಜವಾದ ಹೊರೆ ಎಲ್ಲಿದೆ? ಕ್ಯಾಟ್, ಕೇಕ್, ಕಾರ್ ಎಂಬ ಮೂರು ಪದಗಳಲ್ಲಿಯೂ ಒಂದೇ ‘ಎ’ ಅಕ್ಷರವನ್ನು ಮೂರು ಬಗೆಯಲ್ಲಿ ಓದಿಸುವ ಇಂಗ್ಲಿಷಿನಲ್ಲಿದೆ.

ಆದರೂ ನಮ್ಮವರು ಮೊಬೈಲಿನಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಬಿ, ಎ, ಎಲ್, ಇ ಎಂದು ಒತ್ತಿದರೆ ಅದು ಬಲೆಯೋ ಬಳೆಯೋ ಬಾಲೆಯೋ ಬಾಳೆಯೋ? ಕನ್ನಡದ ಕೀಲಿಮಣೆ ಅದೇ ಮೊಬೈಲಿನಲ್ಲಿ ಇರುವಾಗ ಈ ಗೊಂದಲವನ್ನು ಸೌಕರ್ಯವೆಂದು ಕರೆಯುವುದು ಸೋಮಾರಿತನಕ್ಕೆ ತೊಡಿಸಿದ ಅಂಗಿ.

ಗಡಿನಾಡಿನಲ್ಲಿ ಮಾತು ಉಳಿದು ಲಿಪಿ ಅಳಿದರೆ ಅಜ್ಜನ ಕಾಗದ, ಮನೆಯ ಹಳೆಯ ಪತ್ರ, ಈ ಸಂಚಿಕೆ, ಎಲ್ಲವೂ ಮೊಮ್ಮಕ್ಕಳ ಪಾಲಿಗೆ ಬರಿಯ ಗೆರೆಗಳಾಗುತ್ತವೆ. ಸರಕಾರವನ್ನು ದೂರುವುದಕ್ಕೆ ಮೊದಲು ಸಂಘದ ಪ್ರತಿಯೊಂದು ಸಂದೇಶವನ್ನೂ ಕನ್ನಡ ಲಿಪಿಯಲ್ಲೇ ಬರೆಯೋಣ. ಸಂಜೆ ಹತ್ತು ನಿಮಿಷ ಮಕ್ಕಳೊಡನೆ ಕಾಗುಣಿತ ಹೇಳೋಣ. ಇದನ್ನು ನಮ್ಮ ಪರವಾಗಿ ಮತ್ತಾರೂ ಮಾಡಲಾರರು.